14 ಫಾರ್ವರ್ಡ್‌ಗಳಿದ್ದರೂ ಎನ್‌ಎಚ್‌ಎಲ್ ತಂಡಕ್ಕೆ ಜನ ಸಾಲುವುದಿಲ್ಲವೇಕೆ?

"ಪಟ್ಟಿಯಲ್ಲಿ 14 ಫಾರ್ವರ್ಡ್‌ಗಳಿದ್ದಾರೆ, ಇಬ್ಬರಿಗೆ ಗಾಯವಾದರೆ ತಂಡ ಯಾಕೆ ಮಕಾಡೆ ಮಲಗುತ್ತೆ?" ಅಂತ ಕೇಳಿದ್ದೀರಿ. (ಎನ್‌ಎಚ್‌ಎಲ್ ಅಂದರೆ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್, ಫಾರ್ವರ್ಡ್ ಅಂದರೆ ದಾಳಿಯ ಆಟಗಾರ.) ಆ ಇಬ್ಬರು ಯಾರು ಅನ್ನೋದರ ಮೇಲೆ ಹೋಗುತ್ತೆ. ಬದಿಯಲ್ಲಿ ಆಡೋ ವಿಂಗರ್‌ಗಳಾದರೆ ಹೇಗೋ ತಳ್ಳಬಹುದು, ಮಧ್ಯದಲ್ಲಿ ಆಡೋ ಸೆಂಟರ್‌ಗಳಾದರೆ ಕಷ್ಟ.

ತಂಡದ ಪಟ್ಟಿಯ 23 ಜನರಲ್ಲಿ ಸಾಮಾನ್ಯವಾಗಿ 2 ಗೋಲಿ, 7 ಡಿಫೆನ್ಸ್, 14 ಫಾರ್ವರ್ಡ್. ಪಂದ್ಯಕ್ಕಿಳಿಯೋದು 12 ಫಾರ್ವರ್ಡ್, ಮೂವರಂತೆ ನಾಲ್ಕು ಲೈನ್. ಫೇಸ್‌ಆಫ್ (ಆಟ ಶುರುವಾಗುವಾಗ ಇಬ್ಬರ ನಡುವೆ ಪಕ್ ಹಾಕೋದು) ತೆಗೆಯೋದು, ನಮ್ಮ ಗೋಲ್ ಹತ್ತಿರಕ್ಕೆ ಇಳಿದು ಡಿಫೆನ್ಸ್‌ಗೆ ನೆರವಾಗೋದು ಸೆಂಟರ್‌ನ ಪಾಲು. ಸೆಂಟರ್ ವಿಂಗ್‌ನಲ್ಲಿ ಆಡಿಕೊಂಡಾನು. ವಿಂಗರ್‌ನನ್ನು ಮಧ್ಯಕ್ಕೆ ತಂದರೆ ತಿಣುಕುತ್ತಾನೆ. ಹಾಗಾಗಿ ನಾನು 6 ಸೆಂಟರ್ ಲೆಕ್ಕ ಹಾಕುತ್ತೇನೆ: ನಾಲ್ವರು ಅವರವರ ಲೈನಿನಲ್ಲಿ, ಐದನೆಯವನು ಮೂರನೇ ಲೈನಿನ ವಿಂಗ್‌ನಲ್ಲಿ, ಆರನೆಯವನು ಕೆಳಗಿನ ಲೀಗ್ ಆದ ಎಎಚ್‌ಎಲ್‌ನಲ್ಲಿ. ಇವರಲ್ಲಿ ಒಬ್ಬನಾದರೂ ಬಲಗೈ ಶಾಟ್‌ನವನಿರಲಿ, ಬಲಬದಿಯ ಫೇಸ್‌ಆಫ್‌ಗೆ ಬೇಕಾಗುತ್ತಾನೆ.

ಹೆಚ್ಚಿನವರು ಎಡವೋದು 13ನೆಯವನ, ಅಂದರೆ ಮೊದಲ ಮೀಸಲು ಫಾರ್ವರ್ಡ್‌ನ ವಿಷಯದಲ್ಲಿ. ಪ್ರತಿಭೆಯಿರುವ ಹುಡುಗನನ್ನು ಆ ಜಾಗಕ್ಕೆ ಹಾಕಿದರೆ ವಾರಗಟ್ಟಲೆ ಗ್ಯಾಲರಿಯಲ್ಲಿ ಕೂತು ತುಕ್ಕು ಹಿಡಿಯುತ್ತಾನೆ. ಅವನು ಎಎಚ್‌ಎಲ್‌ನಲ್ಲಿ ಪಂದ್ಯಕ್ಕೆ 18 ನಿಮಿಷ ಆಡಲಿ. ಆ ಜಾಗಕ್ಕೆ ಪೆನಾಲ್ಟಿ ಕಿಲ್ (ಶಿಕ್ಷೆಯಿಂದ ತಂಡದಲ್ಲಿ ಒಬ್ಬ ಕಡಿಮೆಯಿದ್ದಾಗ ಎದುರಾಳಿಯನ್ನು ತಡೆಯೋದು) ಬಲ್ಲ, ಕನಿಷ್ಠ ಸಂಬಳದ ಹಳಬ ಸಾಕು. ಅವನಿಗೆ ಸಿಗೋದು ನಾಲ್ಕನೇ ಲೈನಿನ 8–10 ನಿಮಿಷ ತಾನೆ? ಎರಡನೇ ಲೈನಿನ ವಿಂಗರ್ ಬಿದ್ದರೆ ಈ ಹಳಬನನ್ನು ಅಲ್ಲಿಗೇರಿಸಬೇಡಿ. ಮೂರನೇ ಲೈನಿನಿಂದ ಒಬ್ಬನನ್ನು ಮೇಲೆ ತಂದು, ಹಳಬನನ್ನು ಕೆಳಗೆ ಸೇರಿಸಿ.

ಇನ್ನು ದುಡ್ಡು. 2025-26ರ ಕ್ಯಾಪ್ (ತಂಡದ ಒಟ್ಟು ಸಂಬಳದ ಮಿತಿ) 9.55 ಕೋಟಿ ಡಾಲರ್, ಕನಿಷ್ಠ ಸಂಬಳ 7.75 ಲಕ್ಷ. ಕೆಳಗಿನ ಲೈನ್‌ಗಳಿಗೆ ಉದ್ದದ, ದುಬಾರಿ ಒಪ್ಪಂದ ಕೊಟ್ಟರೆ ಆಮೇಲೆ ಕಳಚಿಕೊಳ್ಳೋದು ಸುಲಭವಲ್ಲ: ಎಎಚ್‌ಎಲ್‌ಗೆ ಕಳಿಸಿದರೂ ಕ್ಯಾಪ್‌ನಿಂದ ಇಳಿಯೋದು (2025-26ರಲ್ಲಿ) 11.5 ಲಕ್ಷದವರೆಗೆ ಮಾತ್ರ. ಕಳಿಸೋದಕ್ಕೂ ವೇವರ್ಸ್ (ಆಟಗಾರನನ್ನು ಬೇರೆ ತಂಡಗಳ ಮುಂದಿಡೋ ಹಂತ) ದಾಟಬೇಕು; 24 ಗಂಟೆಯೊಳಗೆ ಯಾವ ತಂಡವಾದರೂ ಎತ್ತಿಕೊಳ್ಳಬಹುದು. ಒಮ್ಮೆ ದಾಟಿದವನು ಮೇಲೆ ಬಂದು 10 ಪಂದ್ಯ ಆಡಿದರೆ, ಇಲ್ಲವೇ 30 ದಿನ ಪಟ್ಟಿಯಲ್ಲಿದ್ದರೆ ಮತ್ತೆ ಅದೇ ಕಥೆ. ವೇವರ್ಸ್ ವಿನಾಯಿತಿಯಿರುವ ಎಳೆಯರು ಇಬ್ಬರಾದರೂ ಕೈಯಲ್ಲಿರಬೇಕು ಅನ್ನೋದು ಇದಕ್ಕೇ.

ಟ್ಯಾಂಪಾ ಬೇ ತಂಡವನ್ನೇ ನೋಡಿ. 2020ರ ಫೆಬ್ರವರಿಯಲ್ಲಿ ಫಾರ್ವರ್ಡ್‌ಗಳಾದ ಬ್ಲೇಕ್ ಕೋಲ್ಮನ್, ಬಾರ್ಕ್ಲೇ ಗುಡ್ರೋ ಇಬ್ಬರಿಗೂ ಒಂದೊಂದು ಮೊದಲ ಸುತ್ತಿನ ಡ್ರಾಫ್ಟ್ ಪಿಕ್ (ಹೊಸ ಆಟಗಾರನನ್ನು ಆರಿಸೋ ಹಕ್ಕು) ತೆತ್ತಿತು. ಮೂರನೇ ಲೈನಿಗೆ ಇಷ್ಟಾ ಅನಿಸಬಹುದು. ಆದರೆ ಕ್ಯಾಪ್‌ನಲ್ಲಿ ಕೋಲ್ಮನ್ 18 ಲಕ್ಷ, ಗುಡ್ರೋ 9.25 ಲಕ್ಷ, ಇಬ್ಬರ ಒಪ್ಪಂದವೂ ಇನ್ನೊಂದು ಸೀಸನ್ ಬಾಕಿ. ಯಾನಿ ಗೂರ್ಡ್ ಜೊತೆ ಸೇರಿ ಆ ಲೈನ್ ಎದುರಾಳಿಯನ್ನು ಉಸಿರಾಡಲು ಬಿಡಲಿಲ್ಲ, 2020 ಮತ್ತು 2021ರ ಸ್ಟಾನ್ಲಿ ಕಪ್ (ಎನ್‌ಎಚ್‌ಎಲ್ ಚಾಂಪಿಯನ್ ಪಟ್ಟ) ಎರಡೂ ಬಂದವು. 2021ರ ಬೇಸಿಗೆಯಲ್ಲೇ ಗೂರ್ಡ್ ವಿಸ್ತರಣಾ ಡ್ರಾಫ್ಟ್‌ನಲ್ಲಿ (ಹೊಸ ತಂಡ ಹಳೆಯ ತಂಡಗಳಿಂದ ಆಟಗಾರರನ್ನು ಆರಿಸೋದು) ಸಿಯಾಟಲ್ ಪಾಲಾದ, ಗುಡ್ರೋ ನ್ಯೂಯಾರ್ಕ್ ರೇಂಜರ್ಸ್‌ಗೆ, ಕೋಲ್ಮನ್ ವರ್ಷಕ್ಕೆ 49 ಲಕ್ಷದ ಒಪ್ಪಂದದ ಮೇಲೆ ಕ್ಯಾಲ್ಗರಿಗೆ ಹೋದ. ಆ ಬೆಲೆಗೆ ಉಳಿಸಿಕೊಳ್ಳಲು ಟ್ಯಾಂಪಾ ಕ್ಯಾಪ್‌ನಲ್ಲಿ ಜಾಗವೇ ಇರಲಿಲ್ಲ.