ಶಿಷ್ಯತ್ವಕ್ಕೆ ಯಾವ ಪುಸ್ತಕ ತರಿಸಲಿ ಎಂದು ಕೇಳಿದ ಉಪ್ಪಳದವರಿಗೆ

ಯೇಸುವನ್ನು ಹೊಸದಾಗಿ ನಂಬಿದ ಇಬ್ಬರು ಹುಡುಗರಿಗೆ ಶಿಷ್ಯತ್ವ, ಅಂದರೆ ಅವನ ಶಿಷ್ಯರಾಗಿ ಬಾಳುವುದನ್ನು, ಕಲಿಸಬೇಕು, ಯಾವ ಪುಸ್ತಕ, ಎಷ್ಟು ವಾರದ ಕ್ಲಾಸು ಎಂದು ಕೇಳಿದ್ದೀರಿ. ಪುಸ್ತಕವೂ ಬೇಡ, ಕ್ಲಾಸೂ ಬೇಡ ಮಾರಾಯ್ರೆ. ನಾನೂ ಪುಸ್ತಕ ಹುಡುಕಿಯೇ ಶುರು ಮಾಡಿದವನು. ಸಿಕ್ಕಿದ ಪುಸ್ತಕದಲ್ಲಿ ದೋಷ ಇರಲಿಲ್ಲ. ಕೆಟ್ಟದ್ದು ಬೇರೆ ಕಡೆ.

ವಾರ ತಪ್ಪದೆ ಗುರುವಾರ ಸಂಜೆ ಒಬ್ಬ ಹುಡುಗನೊಟ್ಟಿಗೆ ಕೂರುತ್ತಿದ್ದೆ. ಗುರುವಾರ ಚೆನ್ನಾದಷ್ಟೂ ಅವನಿಗೆ ಭಾನುವಾರದ ಆರಾಧನೆ ಸಪ್ಪೆಯಾಯಿತು. ಸಂಶಯ ಬಂದರೆ ನನಗೆ ಫೋನು, ಮನೆಯಲ್ಲಿ ಜಗಳವಾದರೆ ನನಗೆ ಫೋನು, ಜ್ವರ ಬಂದರೂ ನನಗೇ. ನನಗೆ ಅದು ಹೆಮ್ಮೆಯಾಗಿತ್ತು, ಇಲ್ಲ ಎನ್ನುವುದಿಲ್ಲ. ನಮ್ಮ ಸಭೆಯ (ಚರ್ಚಿನ) ಹಿರಿಯರಿಗೆ ಅವನು 'ಇವರ ಹುಡುಗ' ಅಷ್ಟೆ. ನನಗೆ ಕಲ್ಲಿಕೋಟೆಗೆ ಟ್ರಾನ್ಸ್‌ಫರ್ ಆದ ಮೇಲೆ ಅವನು ಆರಾಧನೆಗೆ ಬಂದದ್ದು ಎರಡೇ ಭಾನುವಾರ. ಯಾಕೆ ಬರಲಿಲ್ಲ ಎಂದು ವಿಚಾರಿಸಲು ಸಭೆಯಲ್ಲಿ ಒಬ್ಬರ ಹತ್ತಿರವೂ ಅವನ ನಂಬರ್ ಇರಲಿಲ್ಲ.

ಬೈಬಲಿನ ಅಪೊಸ್ತಲರ ಕೃತ್ಯಗಳು 18:26 ಎಲ್ಲರಿಗೂ ಬಾಯಿಪಾಠ: ಪ್ರಿಸ್ಕಿಲ್ಲ, ಅಕ್ವಿಲ ದಂಪತಿ ಅಪೊಲ್ಲೋಸನೆಂಬ ಬೋಧಕನನ್ನು ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ತಿಳಿಸಿಕೊಟ್ಟರು. ಮುಂದಿನ ವಚನಕ್ಕೆ ಹೆಚ್ಚಿನವರು ಹೋಗುವುದೇ ಇಲ್ಲ. ಅವನು ಗ್ರೀಸಿನ ಅಖಾಯಕ್ಕೆ ಹೊರಟಾಗ ಸಹೋದರರು ಅಲ್ಲಿಯ ಶಿಷ್ಯರಿಗೆ, ಇವನನ್ನು ಸೇರಿಸಿಕೊಳ್ಳಿ ಎಂದು ಪತ್ರ ಬರೆದರು. ನಾನು ಬರೆಯದೆ ಉಳಿದದ್ದು ಆ ಪತ್ರ.

ಹಾಗಾಗಿ ಮೊದಲ ದಿನದಿಂದಲೇ ನಿಮ್ಮ ಕೈಯಿಂದ ಬಿಡಿಸುವ ಕೆಲಸ ಶುರುವಾಗಲಿ. ಎರಡನೇ ವಾರ ಹುಡುಗನನ್ನು ಒಬ್ಬ ಹಿರಿಯರ ಮನೆಗೆ ಚಾಕ್ಕೆ ಕರೆದುಕೊಂಡು ಹೋಗಿ, ಬೋಧನೆ ಏನೂ ಬೇಡ. ನಾಲ್ಕನೇ ವಾರದೊಳಗೆ ಸಭೆಯಲ್ಲಿ ಒಂದು ಕೆಲಸ ಕೊಡಿಸಿ, ಅವನು ಬಾರದಿದ್ದರೆ ತಕ್ಷಣ ಗೊತ್ತಾಗುವಂಥದ್ದು: ಕುರ್ಚಿ ಹಾಕುವುದು, ಮೈಕ್ ಜೋಡಿಸುವುದು, ಗೀತೆ ಪುಸ್ತಕ ಹಂಚುವುದು. ಸಾಕ್ಷಿ (ತಾನು ನಂಬಿದ ಕಥೆ) ಹೇಳಲು ವೇದಿಕೆ ಹತ್ತಿಸಬೇಡಿ, ಅದಕ್ಕೆ ಅವಸರವಿಲ್ಲ. ಎಂಟನೇ ವಾರ ಮನೆಕೂಟಕ್ಕೆ, ಅಂದರೆ ಮನೆಯಲ್ಲಿ ನಡೆಯುವ ಪ್ರಾರ್ಥನಾಕೂಟಕ್ಕೆ, ನಿಮ್ಮನ್ನು ಬಿಟ್ಟು ಹೋಗಲಿ. ಹನ್ನೆರಡನೇ ವಾರ ನೀವು ಬೇಕೆಂದೇ ತಪ್ಪಿಸಿಕೊಂಡು, ಆ ಹಿರಿಯರನ್ನೇ ಅವನೊಟ್ಟಿಗೆ ಕೂರಲು ಹೇಳಿ. ಮೂರು ತಿಂಗಳಿಗೆ ಸಭೆಯ ಮೂವರ ನಂಬರ್ ಅವನ ಫೋನಿನಲ್ಲಿ ಇರಬೇಕು, ಆ ಮೂವರಿಂದ ಒಂದೊಂದು ಕರೆಯಾದರೂ ಅವನಿಗೆ ಬಂದಿರಬೇಕು. ಬಾರದಿದ್ದರೆ ಪಾಠ ಎಷ್ಟೇ ಮುಂದೆ ಹೋಗಿದ್ದರೂ ನಿಲ್ಲಿಸಿ, ಮೊದಲು ಇದನ್ನು ನೋಡಿ.

ಪಾಠಕ್ಕೆ ಮಾರ್ಕನ ಸುವಾರ್ತೆ ಸಾಕು. 16 ಅಧ್ಯಾಯ, ವಾರಕ್ಕೊಂದು. 14ನೇ ಅಧ್ಯಾಯ 72 ವಚನ, ಒಂದೇ ಸಂಜೆಗೆ ಆಗುವುದಿಲ್ಲ; ಯೇಸು ಬಂಧನಕ್ಕೆ ಮೊದಲು ಪ್ರಾರ್ಥಿಸಿದ ಗೆತ್ಸೇಮನೆಯ ಪ್ರಸಂಗ ಶುರುವಾಗುವ 32ನೇ ವಚನದಲ್ಲಿ ಮುರಿಯಿರಿ. ಒಟ್ಟು 17 ವಾರ. ಕೊನೆಯ ಅಧ್ಯಾಯದಲ್ಲಿ 9ರಿಂದ 20ರವರೆಗಿನ ವಚನಗಳು ಅತಿ ಹಳೆಯ ಕೆಲವು ಹಸ್ತಪ್ರತಿಗಳಲ್ಲಿ ಇಲ್ಲ. ಯೂಟ್ಯೂಬ್ ನೋಡಿಕೊಂಡು ಬಂದ ಹುಡುಗ ಕೇಳಿಯೇ ಕೇಳುತ್ತಾನೆ, ಮೊದಲೇ ನೀವೇ ಹೇಳಿಬಿಡಿ.

ಕೂತರೆ ಒಂದೂಕಾಲು ಗಂಟೆ, ಅದಕ್ಕಿಂತ ಹೆಚ್ಚು ಬೇಡ. ಮೊದಲ ಕಾಲು ಗಂಟೆ ಹೋದ ವಾರ ಒಪ್ಪಿಕೊಂಡದ್ದು ಏನಾಯಿತು ಎಂಬ ಮಾತು. ಆಮೇಲೆ ಅಧ್ಯಾಯವನ್ನು ಗಟ್ಟಿಯಾಗಿ ಓದುವುದು, ಪುಸ್ತಕ ಮುಚ್ಚಿ ಅವನ ಬಾಯಲ್ಲೇ ಹೇಳಿಸುವುದು. ಪ್ರಶ್ನೆ ಮೂರೇ: ಯೇಸು ಇಲ್ಲಿ ಎಂಥವನಾಗಿ ಕಾಣುತ್ತಾನೆ, ಸುತ್ತಲಿನವರು ಏನು ಮಾಡಿದರು, ಬರುವ ವಾರದೊಳಗೆ ನೀನು ಏನು ಮಾಡುತ್ತಿ? ಮೂರನೆಯದಕ್ಕೆ 'ಎಲ್ಲರನ್ನೂ ಪ್ರೀತಿಸುತ್ತೇನೆ' ಎಂದರೆ ಒಪ್ಪಬೇಡಿ. 'ಅಣ್ಣನೊಟ್ಟಿಗೆ ಮಾತು ಬಿಟ್ಟು ಎರಡು ತಿಂಗಳಾಯಿತು, ಶನಿವಾರದೊಳಗೆ ಫೋನ್ ಮಾಡುತ್ತೇನೆ' ಎಂದರೆ ಅದು ಉತ್ತರ. ಅವನದ್ದು ಬರೆದುಕೊಳ್ಳಿ, ಪಕ್ಕದಲ್ಲಿ ನಿಮ್ಮದೂ ಒಂದು. ನಿಮ್ಮದು ಇಲ್ಲದಿದ್ದರೆ ನಾಲ್ಕನೇ ವಾರಕ್ಕೆ ಅದು ಮೇಷ್ಟ್ರ ವಿಚಾರಣೆಯ ಹಾಗೆ ಆಗುತ್ತದೆ, ಅವನು ಸುಳ್ಳು ಹೇಳಲು ಕಲಿಯುತ್ತಾನೆ.

ಭಾಷೆಯ ಸಂಗತಿ ಕಾಸರಗೋಡು ಗಡಿಯ ನಮ್ಮ ಕಡೆ ಸಣ್ಣದಲ್ಲ. ಮಲಯಾಳಂ ಮೀಡಿಯಂನಲ್ಲಿ ಓದಿದವನ ಕೈಗೆ ಕನ್ನಡ ಸತ್ಯವೇದ (ಬೈಬಲ್) ಕೊಟ್ಟರೆ ಅವನ ಗಮನವೆಲ್ಲ ಅಕ್ಷರ ಕೂಡಿಸುವುದರಲ್ಲೇ ಹೋಗುತ್ತದೆ. ಅವನು ಮಲಯಾಳಂನಲ್ಲಿ ಓದಲಿ, ನೀವು ಕನ್ನಡದಲ್ಲಿ ಓದಿ, ತಿರುಗಿ ಹೇಳುವುದು ಮಾತ್ರ ಮನೆಭಾಷೆ ತುಳುವಿನಲ್ಲಾಗಲಿ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1847ಕ್ಕೆ ತುಳುವಿನಲ್ಲಿ ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆ ಅಚ್ಚು ಹಾಕಿಸಿದ್ದರು. ನಾವು ಇವತ್ತಿಗೂ ಪ್ರಾರ್ಥನೆಗೆ ಗ್ರಾಂಥಿಕ ಕನ್ನಡವೇ ಆಗಬೇಕು ಎನ್ನುತ್ತೇವೆ.

ಮನೆಯಲ್ಲಿ ಭೂತಕೋಲವೋ ಪೂಜೆಯೋ ಬಂದಾಗ ಹೋಗಲೋ ಬೇಡವೋ ಎಂದು ಕೇಳುತ್ತಾನೆ. ನೀವೊಬ್ಬರೇ ತೀರ್ಪು ಕೊಡಬೇಡಿ. ವಿಗ್ರಹಕ್ಕೆ ಅರ್ಪಿಸಿದ ಊಟದ ಮಾತು ಬರುವ ಒಂದನೇ ಕೊರಿಂಥ 8ರಿಂದ 10ನೇ ಅಧ್ಯಾಯದವರೆಗೆ ಒಟ್ಟಿಗೆ ಓದಿ, ಸಭಾಪಾಲಕರ ಹತ್ತಿರ ಕೂತು ಮಾತಾಡಿ. ಮನೆಯವರನ್ನು ಹೀಯಾಳಿಸುವ ಮಾತು ಮಾತ್ರ ನಿಮ್ಮ ಬಾಯಿಂದ ಬರಲೇಬಾರದು. ಅಮ್ಮ ಬಡಿಸಿದ ಊಟ ಬಿಟ್ಟು ಬಂದೆ ಎಂದು ಹೆಮ್ಮೆಯಿಂದ ಹೇಳಿದರೆ ತಿರುಗಿ ಮನೆಗೆ ಕಳಿಸಿ. ಹದಿನೆಂಟು ತುಂಬದವನಾದರೆ ಹೆತ್ತವರ ಒಪ್ಪಿಗೆ ಇಲ್ಲದೆ ಕೂರಲೇಬೇಡಿ. ಒಪ್ಪಿದರೂ ಜಗಲಿಯಲ್ಲಿ, ನಾಲ್ಕು ಜನ ಓಡಾಡುವ ಕಡೆ. ಹುಡುಗಿಯರಿದ್ದರೆ ಅದು ಸಭೆಯ ಅಕ್ಕಂದಿರ ಕೆಲಸ. ಸಾಲ ಕೊಡುವುದಂತೂ ಬೇಡ. ಕೊಟ್ಟವರ ಎದುರು ಕೂತು ಯಾರೂ ಪಾಪ ಅರಿಕೆ ಮಾಡುವುದಿಲ್ಲ.

ಇಬ್ಬರನ್ನೂ ಒಟ್ಟಿಗೆ ಕೂರಿಸಬಹುದೇ ಎಂದರೆ, ಒಬ್ಬನೇ ಮಾತಾಡಿ ಇನ್ನೊಬ್ಬ ತಲೆಯಾಡಿಸುವವನಾದರೆ ಬೇಡ. ಹಾಗಿದ್ದರೆ ಮೊದಲು ತಲೆಯಾಡಿಸುವವನನ್ನು ತೆಗೆದುಕೊಳ್ಳಿ. ಮಾತುಗಾರನನ್ನು ಹಿರಿಯರಿಗೆ ಒಪ್ಪಿಸಿ, ಅವರಿಗೂ ಗುರುವಾರ ಸಂಜೆ ಬಿಡುವಿರುತ್ತದೆ.