ಫೋನ್ ನೋಡಿ ವ್ಯಾಯಾಮ ಮಾಡಬಹುದೇ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ, ವಯಸ್ಸು 67. ಮಗಳು ಫೋನಿಗೆ ವ್ಯಾಯಾಮದ ವಿಡಿಯೊ ಕಳಿಸುತ್ತಾಳೆ. ಒಂದೊಂದೂ ಒಂದೊಂದು ಥರ ಹೇಳುತ್ತದೆ. ಯಾವುದನ್ನು ನಂಬಲಿ?
– ಓದುಗರು, ಹಾಸನ

ಉತ್ತರ: ಮೇಷ್ಟ್ರೇ, ಅದನ್ನು ಮಾಡಿದವರು ಯಾರು ಅಂತ ಮೊದಲು ನೋಡಿ. ಪುಡಿ, ಎಣ್ಣೆ ಮಾರುವವರ ವಿಡಿಯೊ ಬಿಟ್ಟುಬಿಡಿ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನ ವೆಬ್‌ಸೈಟಿನಲ್ಲಿ ಕೂತೇ ಮಾಡುವ ವ್ಯಾಯಾಮಗಳಿವೆ. ಇಂಗ್ಲಿಷಿನಲ್ಲಿವೆ, ನಿಮಗೆ ಕಷ್ಟವಾಗದು. ಗಟ್ಟಿ ಮರದ ಕುರ್ಚಿ ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ, ಬೇಡವೇ ಬೇಡ.

65 ದಾಟಿದವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಷ್ಟು: ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ, 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ, 3 ದಿನ ಸಮತೋಲನದ ಅಭ್ಯಾಸ. ನನ್ನ ಬಳಿ ಫಿಸಿಯೋಥೆರಪಿಗೆ ಬರುವ ಹಿರಿಯರು ವಾಕಿಂಗ್ ತಪ್ಪಿಸುವುದಿಲ್ಲ, ಸಮತೋಲನ ಮಾತ್ರ ಮರೆತೇಬಿಡುತ್ತಾರೆ. ಬಿದ್ದು ಸೊಂಟ ಮುರಿದುಕೊಂಡರೆ ಎಷ್ಟು ಕಷ್ಟ, ಅಲ್ವಾ? ಅಡುಗೆಕಟ್ಟೆ ಹಿಡಿದು ನಿಂತು, ನಿಧಾನವಾಗಿ ಹಿಮ್ಮಡಿ ಎತ್ತಿ ಇಳಿಸಿ. ಇದಕ್ಕೆ ವಿಡಿಯೊ ಕೂಡ ಬೇಡ.

ಬಿಪಿ, ಹೃದಯದ ತೊಂದರೆ ಇದ್ದರೆ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಎದೆನೋವು, ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ.