ಪಕ್ಕದ ಟೇಬಲ್ಲಿನಿಂದ ಬರುವ ಮಾತು

ಈ ತಿಂಗಳ ಪತ್ರಗಳನ್ನು ಹರಡಿಕೊಂಡು ಕೂತರೆ ಐದು ಪತ್ರ ಒಂದೇ ವಿಷಯದ್ದು. ಮಕ್ಕಳು ಮರಿ ಓಡಾಡುವ ಜಾಗದಲ್ಲಿ ದೊಡ್ಡವರು ಆಡುವ ಹೊಲಸು ಮಾತು. ಇಪ್ಪತ್ತೆರಡು ವರ್ಷ ಒಂದು ಸಾರ್ವಜನಿಕ ಈಜುಕೊಳದಲ್ಲಿ ಮೇಲ್ವಿಚಾರಕಿಯಾಗಿದ್ದವಳು ನಾನು. ನೀರಿನ ಮೇಲೆ ಮಾತು ಎಷ್ಟು ದೂರ ಹೋಗುತ್ತದೆ ಅಂತ ಚೆನ್ನಾಗಿ ಗೊತ್ತು. ಹಾಗಾಗಿ ಉಳಿದ ಪತ್ರಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ.

ಮೇಡಂ, ಹೋದ ಭಾನುವಾರ ಊಟಕ್ಕೆ ಹೊರಗೆ ಹೋಗಿದ್ದೆವು. ಪಕ್ಕದ ಟೇಬಲ್ಲಿನಲ್ಲಿ ನಾಲ್ಕು ಹುಡುಗರು. ಬಾಯಿ ತೆರೆದರೆ ಬೈಗುಳ. ಯಾರ ಮೇಲೂ ಕೋಪವಿಲ್ಲ, ನಗುನಗುತ್ತಲೇ. ನಮ್ಮ ಯಜಮಾನರು ಗದರಲು ಎದ್ದರು, ನಾನು ಶರ್ಟು ಹಿಡಿದು ಕೂರಿಸಿದೆ. ಅಷ್ಟರಲ್ಲಿ ಐದು ವರ್ಷದ ಮಗಳು ‘ಅಮ್ಮಾ, ಹಾಗಂದ್ರೇನು?’ ಅಂತ ಆ ಪದವನ್ನೇ ಗಟ್ಟಿಯಾಗಿ ಕೇಳಿದಳು. ಎಲ್ಲರೂ ತಿರುಗಿ ನಮ್ಮನ್ನೇ ನೋಡಿದರು! ನಾವು ಏನು ಮಾಡಬೇಕಿತ್ತು?
— ನೊಂದ ತಾಯಿ

ಶರ್ಟು ಹಿಡಿದು ಕೂರಿಸಿದ್ದು ಒಳ್ಳೆಯದೇ ಆಯಿತು. ಗದರಲು ಹೋದವರು ಯಾರೂ ಗೆದ್ದು ಬಂದದ್ದನ್ನು ನಾನು ನೋಡಿಲ್ಲ. ಕೊಳದಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಹಾಗೇ ಮಾಡುತ್ತಿದ್ದೆ. ಆ ಬದಿಯಿಂದ ಒಂದು ಕೆಟ್ಟ ಮಾತು ಬಂತೋ, ಈ ಬದಿಯಿಂದ ಜೋರಾಗಿ ವಿಷಲ್ ಊದಿ ಬೆರಳು ತೋರಿಸುತ್ತಿದ್ದೆ. ಇಡೀ ಕೊಳ ಅವರತ್ತ ತಿರುಗುತ್ತಿತ್ತು. ಅಷ್ಟು ಜನರ ಎದುರು ತಲೆ ತಗ್ಗಿಸುವ ಹುಡುಗ ಹುಟ್ಟಬೇಕಷ್ಟೆ. ಬೇಕಂತಲೇ ಇನ್ನೊಂದು ಬೈಗುಳ ಬರುತ್ತಿತ್ತು, ಈ ಸಲ ನನಗೆ.

ನಿಧಾನಕ್ಕೆ ಒಂದು ಸೂಕ್ಷ್ಮ ಕಣ್ಣಿಗೆ ಬಿತ್ತು. ಅಂಥ ಗುಂಪಿನಲ್ಲಿ ಜಾಸ್ತಿ ಗದ್ದಲ ಮಾಡುವವನು ಒಬ್ಬನಿರುತ್ತಾನೆ. ಅವನನ್ನು ಬಿಟ್ಟುಬಿಡಿ. ಇನ್ನೊಬ್ಬ ಇರುತ್ತಾನೆ. ಗೆಳೆಯ ಬೈದ ತಕ್ಷಣ ಯಾರಾದರೂ ಕೇಳಿಸಿಕೊಂಡರಾ ಅಂತ ಸುತ್ತ ಒಮ್ಮೆ ಕಣ್ಣಾಡಿಸುತ್ತಾನೆ. ಅವನೇ ನಮ್ಮವನು! ಅವನ ಹತ್ತಿರ ಹೋಗಿ, ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಅವನಿಗೆ ಮಾತ್ರ ಕೇಳುವ ಹಾಗೆ ‘ಇಲ್ಲಿ ಚಿಕ್ಕ ಮಕ್ಕಳಿದ್ದಾರೆ, ಸ್ವಲ್ಪ ಮಾತು ನೋಡ್ಕೊಳ್ಳಪ್ಪಾ’ ಅನ್ನುತ್ತಿದ್ದೆ. ಅಷ್ಟು ಹೇಳಿ ತಕ್ಷಣ ಎದ್ದು ಬರುತ್ತಿದ್ದೆ. ಕ್ಷಮೆ ಕೇಳಲಿ ಅಂತ ಎದುರು ನಿಂತರೆ ಕೆಟ್ಟಿತು. ನೀವು ಬೆನ್ನು ತಿರುಗಿಸಿದ ಮೇಲೆ ಅವರು ಒಂದು ಸಲ ಕಿಸಕ್ಕನೆ ನಗುತ್ತಾರೆ. ನಕ್ಕುಕೊಳ್ಳಲಿ. ಆ ನಗು ಮುಗಿದ ಮೇಲೆ ದನಿ ತಾನಾಗಿ ಇಳಿಯುತ್ತದೆ. ಸುಮಾರು ಸಲ ಇಳಿದಿದೆ.

ಇಳಿಯದಿದ್ದರೆ? ಎರಡನೇ ಸಲ ನೀವು ಹೋಗಬೇಡಿ. ಅಲ್ಲಿಯ ಮ್ಯಾನೇಜರನ್ನು ಕರೆಯಿರಿ, ಇಲ್ಲ ಬೇರೆ ಟೇಬಲ್ ಕೇಳಿ. ಕುಡಿದು ತೂರಾಡುವವರ ಹತ್ತಿರ ಮೊದಲನೇ ಸಲವೂ ಬೇಡ. ಸಿಟ್ಟಿನಲ್ಲಿ ಯಾರನ್ನೋ ಹೊಡೆಯುವ ಹಾಗೆ ಬೈಯುತ್ತಿರುವವರ ಹತ್ತಿರವೂ ಅಷ್ಟೇ. ಮಗು ಎತ್ತಿಕೊಂಡು ಹೊರಟುಬಿಡಿ. ಅದು ಸೋಲಲ್ಲ.

ಇನ್ನು ಮಗಳ ಪ್ರಶ್ನೆ. ನೀವು ಏನು ಹೇಳಿದಿರಿ ಅಂತ ಬರೆದೇ ಇಲ್ಲ. ಬಹುಶಃ ‘ಶ್!’ ಅಂದು ಬಾಯಿ ಮುಚ್ಚಿಸಿರಬೇಕು, ಅಲ್ವಾ? ಐದು ವರ್ಷದ ಮಗುವಿಗೆ ಆ ಪದದ ಅರ್ಥ ಬೇಕಾಗಿಲ್ಲ. ಅದಕ್ಕೆ ಬೇಕಾಗಿರುವುದು ನಿಮ್ಮ ಮುಖ. ಒಂದೇ ಒಂದು ಪದಕ್ಕೆ ಅಪ್ಪ ಕೆಂಪಗಾದರು, ಅಮ್ಮ ಬೆವೆತರು, ಜನರೆಲ್ಲ ತಿರುಗಿದರು. ಇಷ್ಟು ಶಕ್ತಿ ಇರುವ ಪದವನ್ನು ಯಾವ ಮಗು ಬಿಡುತ್ತದೆ? ‘ಅದು ಕೆಲವರು ಆಡೋ ಮಾತು ಪುಟ್ಟಾ, ಕೇಳಿದವರಿಗೆ ಬೇಜಾರಾಗುತ್ತೆ, ನಾವು ಆಡಲ್ಲ’ ಅಂತ ನೀರು ಕುಡಿದಷ್ಟು ಸಲೀಸಾಗಿ ಹೇಳಿ ಬೇರೆ ಮಾತಿಗೆ ಹೋಗಿ. ನಗಬೇಡಿ, ಹೊಡೆಯಬೇಡಿ. ಎರಡು ದಿನ ಬಚ್ಚಲುಮನೆಯಲ್ಲಿ ಒಬ್ಬಳೇ ಹೇಳಿಕೊಂಡಾಳು. ಕೇಳಿಸದವರ ಹಾಗೆ ಇರಿ. ಮಗುವಿಗೆ ಹತ್ತು ಹನ್ನೊಂದು ಆಗಿದ್ದರೆ ಮಾತ್ರ ಬೇರೆ. ಅರ್ಥವನ್ನೇ ಹೇಳಿಬಿಡುವುದು ವಾಸಿ, ಇಲ್ಲದಿದ್ದರೆ ಗೆಳೆಯರು ಇನ್ನೂ ನಾಲ್ಕು ಸೇರಿಸಿ ಹೇಳಿಕೊಡುತ್ತಾರೆ.

ನಾನು ದೊಡ್ಡ ಸಾಚಾ ಅಂದುಕೊಳ್ಳಬೇಡಿ. ಒಂದು ಬೆಳಿಗ್ಗೆ ಕೊಳದ ಕಬ್ಬಿಣದ ಗೇಟು ಹಾಕುವಾಗ ಹೆಬ್ಬೆರಳು ಸಿಕ್ಕಿಕೊಂಡಿತು. ಆ ನೋವಿಗೆ ‘ಅಯ್ಯೋ’ ಸಾಲಲಿಲ್ಲ. ಜನ್ಮದಲ್ಲಿ ಆಡದ ಮಾತೊಂದು ಗಂಟಲು ಬಿರಿಯುವ ಹಾಗೆ ಬಂತು. ಬೆರಳು ಬಾಯಲ್ಲಿಟ್ಟುಕೊಂಡು ತಿರುಗಿದರೆ, ಹಿಂದೆ ಚಿಕ್ಕ ಮಕ್ಕಳ ಬ್ಯಾಚು. ಹದಿನಾಲ್ಕು ಮಕ್ಕಳು ಟೋಪಿ, ಕನ್ನಡಕ ಹಾಕಿಕೊಂಡು ಸಾಲಾಗಿ ನಿಂತಿವೆ. ಒಬ್ಬರೂ ಪಿಟಿಕ್ಕೆನ್ನಲಿಲ್ಲ. ಮಾರನೇ ದಿನ ಅದೇ ಸಾಲಿನ ಆರು ವರ್ಷದ ಹುಡುಗಿಯ ಈಜುಗನ್ನಡಕ ಜಾರಿ ಆಳದ ಕಡೆ ಬಿತ್ತು. ಅವಳು ಸೊಂಟದ ಮೇಲೆ ಕೈಯಿಟ್ಟು ಅದೇ ಮಾತು ಹೇಳಿದಳು. ಅದೇ ರಾಗ, ಅದೇ ಎಳೆತ! ಅವಳ ಅಮ್ಮ ನನ್ನನ್ನು ನೋಡಿದರು. ನಾನು ನೀರು ನೋಡಿದೆ.

ಆಂಟಿ, ನನಗೆ 24 ವರ್ಷ. ನಾವು ಗೆಳೆಯರು ಬೈದುಕೊಳ್ಳುವುದು ಪ್ರೀತಿಯಿಂದ. ಅದೂ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಮೊನ್ನೆ ಪಾರ್ಕಿನಲ್ಲಿ ಒಬ್ಬ ಅಂಕಲ್ ಬಂದು ‘ಮನೇಲಿ ಅಕ್ಕತಂಗೀರು ಇಲ್ವೇನ್ರೋ’ ಅಂತ ಶುರುಮಾಡಿ, ನಾವು ಆಡಿದ್ದಕ್ಕಿಂತ ಹೊಲಸಾಗಿ ಬೈದರು. ತಪ್ಪು ಯಾರದ್ದು?
— ಹೆಸರು ಬೇಡ

ಅಂಕಲ್ ಮಾಡಿದ್ದು ತಪ್ಪೇ. ಬೆಂಕಿ ಆರಿಸಲು ಸೀಮೆಎಣ್ಣೆ ತಂದವರ ಕತೆ ಅದು. ಗೆಳೆಯರ ನಡುವೆ ಬೈಗುಳ ಸಲಿಗೆಯ ಗುರುತು ಅನ್ನುವುದನ್ನೂ ಒಪ್ಪಿದೆ. ಹೊಸಬರನ್ನು ‘ಬನ್ನಿ, ಕೂತ್ಕೊಳ್ಳಿ’ ಅನ್ನುತ್ತೀರಿ, ಹಳಬನನ್ನು ಬೈಯುತ್ತೀರಿ. ನಿಮ್ಮ ಬೆಂಚಿನ ಮಟ್ಟಿಗೆ ಅದು ಪ್ರೀತಿಯೇ ಇರಬಹುದು. ಪಕ್ಕದ ಬೆಂಚಿಗೆ ಬರುವುದು ಪದ ಮಾತ್ರ, ಪ್ರೀತಿ ಬರುವುದಿಲ್ಲ. ಆ ಬೆಂಚಿನಲ್ಲಿ ಕೂತಿರುವುದು ಒಬ್ಬ ಹೆಂಗಸಾದರೆ ಇನ್ನೂ ಒಂದು ಕಷ್ಟವಿದೆ. ನೀವು ಬೈಯುವುದು ಗೆಳೆಯನನ್ನು, ಹೆಸರು ಬರುವುದು ಅವನ ತಾಯಿಯದು, ಅಕ್ಕನದು. ಅಲ್ಲಿಲ್ಲದ ಹೆಂಗಸಿನ ಮೇಲೆ ಹೊರಿಸದ ಬೈಗುಳ ಹುಡುಕಿ ನೋಡು. ಎಷ್ಟು ಸಿಗುತ್ತವೆ ಅಂತ ನನಗೂ ಬರೆದು ತಿಳಿಸು.

ಇಂಗ್ಲಿಷ್ ಅಂದೆಯಲ್ಲ, ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇಂಗ್ಲಿಷಿನಲ್ಲಿ ಬೈದರೆ ಬೈದ ಹಾಗಲ್ಲ ಅಂತ ಸುಮಾರು ಜನಕ್ಕೆ ಅನಿಸುತ್ತದೆ. ಅದಕ್ಕೆ ಕಾರಣವೂ ಇದೆ. ಮನಶ್ಶಾಸ್ತ್ರಜ್ಞೆ ಕ್ಯಾಥರೀನ್ ಹ್ಯಾರಿಸ್ ಮತ್ತು ಜೊತೆಗಾರರು 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಟರ್ಕಿಶ್ ತಾಯ್ನುಡಿಯಾಗಿದ್ದು, ಇಂಗ್ಲಿಷನ್ನು ಆಮೇಲೆ ಕಲಿತವರ ಬೆರಳಿಗೆ ತಂತಿ ಅಂಟಿಸಿ, ಎರಡೂ ಭಾಷೆಯ ಮಾತುಗಳನ್ನು ಕೇಳಿಸಿ ತೋರಿಸಿ, ಚರ್ಮ ಎಷ್ಟು ಬೆವರುತ್ತದೆ ಅಂತ ಅಳೆದರು. ತಾಯ್ನುಡಿಯ ಹೊಲಸು ಮಾತಿಗೆ ಚರ್ಮ ಜಾಸ್ತಿ ಬೆವರಿತು. ಚಿಕ್ಕಂದಿನಲ್ಲಿ ಅಪ್ಪ ಅಮ್ಮ ಗದರುವ ಮಾತುಗಳಲ್ಲಂತೂ ಎರಡು ಭಾಷೆಗೂ ಇರುವ ಅಂತರ ಎದ್ದು ಕಂಡಿತು. ಯಾವ ಮಾತಿಗೆ ಬಾಲ್ಯದಲ್ಲಿ ಏಟು ತಿಂದಿದ್ದೇವೋ ಆ ಮಾತಿಗೇ ಮೈ ಜುಮ್ಮೆನ್ನುವುದು. ನೀನು ಇಂಗ್ಲಿಷ್ ಬೈಗುಳ ಕಲಿತದ್ದು ಕಾಲೇಜಿನಲ್ಲೋ ಸಿನಿಮಾದಲ್ಲೋ. ಅದಕ್ಕೇ ನಿನಗೆ ಅದು ಹತ್ತಿಯಷ್ಟು ಹಗುರ. ಪಕ್ಕದಲ್ಲಿ ಜಾರುಬಂಡೆ ಆಡುತ್ತಿರುವ ಮಗು ಮೂರನೇ ವಯಸ್ಸಿಗೇ ಇಂಗ್ಲಿಷಿನಲ್ಲಿ ಗದರಿಸಿಕೊಂಡು ಬೆಳೆದಿರಬಹುದು. ಅದಕ್ಕೆ ಅಷ್ಟು ಹಗುರವಲ್ಲ. ಇದನ್ನು ಖಚಿತ ಮಾಡಿಕೊಳ್ಳಬೇಕೇ? ಇಂಗ್ಲಿಷಿನಲ್ಲಿ ಆಡುವುದನ್ನೇ ಕನ್ನಡಕ್ಕೆ ತಿರುಗಿಸಿ ನಿಮ್ಮಜ್ಜಿ ಎದುರು ಒಂದು ಸಲ ಹೇಳಿ ನೋಡು.

ಬೈದುಕೊಳ್ಳುವುದನ್ನು ಬಿಡು ಅಂತ ನಾನು ಹೇಳುವುದಿಲ್ಲ. ಪಾರ್ಕಿನಲ್ಲಿ ಜಾರುಬಂಡೆಯ ಪಕ್ಕದ ಬೆಂಚು ಬಿಟ್ಟು ಆ ತುದಿಯ ಬೆಂಚಿಗೆ ಹೋಗಿ. ದನಿ ಇಳಿಸಿ. ಮುಗಿಯಿತು.

ನಮ್ಮ ಆಟದ ಕೇಂದ್ರಕ್ಕೆ ಸಂಸಾರಸ್ಥರೇ ಜಾಸ್ತಿ ಬರುತ್ತಾರೆ. ‘ಅವಾಚ್ಯ ಶಬ್ದ ನಿಷೇಧಿಸಲಾಗಿದೆ’ ಅಂತ ಬೋರ್ಡು ಹಾಕಿಸಿದರೆ ಉಪಯೋಗವಾದೀತೇ?
— ಒಬ್ಬ ವ್ಯವಸ್ಥಾಪಕ

ಅವಾಚ್ಯ ಅಂದರೆ ಆಡಬಾರದ್ದು. ಪತ್ರಿಕೆಯಲ್ಲಿ ‘ಅವಾಚ್ಯ ಶಬ್ದಗಳಿಂದ ನಿಂದಿಸಿದ’ ಅಂತ ಓದಿದಾಗಲೆಲ್ಲ ನನಗೆ ನಗು ಬರುತ್ತದೆ. ಆಡಬಾರದ್ದನ್ನು ಆಡಿಯೇ ಬಿಟ್ಟನಲ್ಲ ಪುಣ್ಯಾತ್ಮ!

ನಮ್ಮ ಕೊಳದ ಬೋರ್ಡಿನಲ್ಲಿ ಹನ್ನೊಂದು ‘ನಿಷೇಧಿಸಲಾಗಿದೆ’ ಇದ್ದವು. ಓದುತ್ತಿದ್ದವರು ಯಾರೂ ಇಲ್ಲ, ಅದರ ಮೇಲೆ ಟವೆಲ್ ಒಣಹಾಕುತ್ತಿದ್ದರು. ಆಮೇಲೆ ಟಿಕೆಟ್ ಕಿಟಕಿಯ ಹತ್ತಿರ ಒಂದೇ ಸಾಲು ಬರೆಸಿದೆ: ‘ಇಲ್ಲಿ ಮಕ್ಕಳು ಕೇಳಿಸಿಕೊಳ್ಳುತ್ತಿದ್ದಾರೆ.’ ಅದರಿಂದ ಬಾಯಿ ನಿಂತಿತು ಅನ್ನಲಾರೆ. ಆದರೆ ನಮ್ಮ ಹುಡುಗರಿಗೆ ಬೆರಳು ಮಾಡಿ ತೋರಿಸಲು ಒಂದು ಆಧಾರ ಸಿಕ್ಕಿತು. ‘ನಾನು ಹೇಳ್ತಿಲ್ಲ ಸಾರ್, ಬೋರ್ಡ್ ಹೇಳ್ತಿದೆ’ ಅನ್ನಬಹುದು. ದಿನಾ ಬರುವ ಗಿರಾಕಿಗೂ ಅದೇ, ಹೊಸಬನಿಗೂ ಅದೇ ಅಂತ ಇರಲಿ. ಅದಕ್ಕೂ ಮೊದಲು ನಿಮ್ಮ ಸಿಬ್ಬಂದಿ ಒಳಗಿನ ಕೋಣೆಯಲ್ಲಿ ಏನು ಮಾತಾಡುತ್ತಾರೆ ಅಂತ ಹೊರಗೆ ನಿಂತು ಒಂದು ಗಳಿಗೆ ಕೇಳಿ.

ನನ್ನ ಮಗನಿಗೆ 13. ಅವನಿಗೆ ಟುರೆಟ್ ಸಿಂಡ್ರೋಮ್. ಕತ್ತು ಎಳೆಯುತ್ತದೆ, ಜೊತೆಗೆ ಒಂದು ಕೆಟ್ಟ ಪದ ತಾನಾಗಿ ಬರುತ್ತದೆ. ರೈಲಿಗೆ ಕಾಯುತ್ತಿದ್ದಾಗ ಒಬ್ಬರು ಹೊಡೆಯಲು ಬಂದರು. ಇವನನ್ನು ಹೊರಗೆ ಕರೆದುಕೊಂಡು ಹೋಗುವುದನ್ನೇ ನಿಲ್ಲಿಸಿಬಿಡಲೇ?
— ಒಬ್ಬ ತಂದೆ

ಬೇಡ, ದಯವಿಟ್ಟು ನಿಲ್ಲಿಸಬೇಡಿ.

ಉಳಿದ ಓದುಗರಿಗಾಗಿ ಎರಡು ಮಾತು. ಮೈ ತಾನಾಗಿ ಎಳೆಯುವ, ದನಿ ತಾನಾಗಿ ಹೊರಡುವ ಈ ನರದ ತೊಂದರೆಯನ್ನು ಫ್ರಾನ್ಸಿನ ವೈದ್ಯ ಜಾರ್ಜ್ ಜಿಲ್ ದ ಲಾ ಟುರೆಟ್ 1885ರಲ್ಲಿ ವಿವರಿಸಿದ. ಸಾಮಾನ್ಯವಾಗಿ ಬಾಲ್ಯದಲ್ಲೇ ಕಣ್ಣು ಪಿಳುಕಿಸುವುದು, ಮುಖ ಸೊಟ್ಟ ಮಾಡುವುದು, ಗಂಟಲು ಕೆರೆಯುವುದು ಹೀಗೆ ಶುರುವಾಗುತ್ತದೆ. ಟುರೆಟ್ ಅಂದರೆ ಬೈಗುಳದ ಕಾಯಿಲೆ ಅಂತ ಸಿನಿಮಾಗಳು ತಲೆಗೆ ತುಂಬಿವೆ. ಅದು ಸುಳ್ಳು. ಕೆಟ್ಟ ಪದ ಬರುವುದು ಹತ್ತು ಜನರಲ್ಲಿ ಒಬ್ಬರಿಗೋ ಹೆಚ್ಚೆಂದರೆ ಇಬ್ಬರಿಗೋ. ಅದು ಸೀನಿನ ಹಾಗೆ. ಸ್ವಲ್ಪ ಹೊತ್ತು ತಡೆಯಬಹುದು, ಬೇಡ ಅನ್ನಲಾಗುವುದಿಲ್ಲ. ಜನ ದಿಟ್ಟಿಸಿ ನೋಡಿ ಗಾಬರಿಯಾದಷ್ಟೂ ಜಾಸ್ತಿಯಾಗುತ್ತದೆ.

ಗುರುತು ಹಿಡಿಯುವುದು ಕಷ್ಟವಲ್ಲ. ಸಾಮಾನ್ಯವಾಗಿ ಮಾತಿಗೂ ಆ ಪದಕ್ಕೂ ಸಂಬಂಧವಿರುವುದಿಲ್ಲ. ಯಾರನ್ನೂ ನೋಡಿ ಹೇಳಿದ್ದಾಗಿರುವುದಿಲ್ಲ. ಅದೇ ಪದ ಮತ್ತೆ ಮತ್ತೆ, ಕತ್ತಿನದೋ ಭುಜದ್ದೋ ಎಳೆತದ ಜೊತೆಗೆ. ನಮ್ಮ ಕೊಳಕ್ಕೂ ಅಂಥ ಒಬ್ಬ ಹುಡುಗ ಬರುತ್ತಿದ್ದ. ಮೊದಲ ದಿನ ನಾನೂ ವಿಷಲ್‌ಗೆ ಕೈ ಹಾಕಿದ್ದೆ. ಅವನ ತಂದೆ ಏನೂ ಮಾತಾಡದೆ ಜೇಬಿನಿಂದ ಒಂದು ಚೀಟಿ ತೆಗೆದು ಕೊಟ್ಟರು. ‘ನನ್ನ ಮಗನಿಗೆ ಟುರೆಟ್ ಇದೆ. ಪದ ತಾನಾಗಿ ಬರುತ್ತದೆ. ನೀವು ಗಮನ ಕೊಡದಿದ್ದರೆ ಅವನಿಗೆ ಸುಲಭ.’ ಒದ್ದೆ ಕೈಯಲ್ಲಿ ಹಿಡಿದು ಅಕ್ಷರ ಕಲಸಿಹೋಯಿತು. ನೀವೂ ಅಂಥ ಹತ್ತು ಚೀಟಿ ಮಾಡಿ ಜೇಬಿನಲ್ಲಿಡಿ. ಹೊಡೆಯಲು ಬಂದವನಿಗೆ ಓದಲು ಕೊಟ್ಟರೆ ಕೈಗೊಂದು ಕೆಲಸ ಸಿಗುತ್ತದೆ. ಏನು ಬರೆಯಬೇಕು ಅಂತ ಮಗನನ್ನೂ ಕೇಳಿ, ಹದಿಮೂರು ವರ್ಷದವನಿಗೆ ಅವನದೇ ಮಾತಿರುತ್ತದೆ. ಕೆಲವರಿಗೆ ವರ್ತನೆಯ ತರಬೇತಿಯಿಂದ ಉಪಯೋಗವಾಗುತ್ತದೆ, ನಿಮ್ಮ ನರರೋಗ ವೈದ್ಯರ ಹತ್ತಿರ ಅದನ್ನೂ ವಿಚಾರಿಸಿ.

ಅಮ್ಮಾ, ನಮ್ಮ ಯಜಮಾನರಿಗೆ 71. ದೇವರಂಥ ಮನುಷ್ಯ. ಕಾರಿನ ಸ್ಟಿಯರಿಂಗ್ ಹಿಡಿದರೆ ಮಾತ್ರ ಬಾಯಿ ಚರಂಡಿ. ಹಿಂದಿನ ಸೀಟಿನಲ್ಲಿ ಮೊಮ್ಮಗ ಕೂತಿರುತ್ತಾನೆ. ಬದಲಿ ಪದ ಏನಾದರೂ ಹೇಳಿ.
— ಅಜ್ಜಿ

ಬದಲಿ ಪದದ್ದೊಂದು ತಮಾಷೆ ಕೇಳಿ. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಸ್ಟೀಫನ್ಸ್ ಅಂತ ಮನಶ್ಶಾಸ್ತ್ರಜ್ಞ. 2009ರಲ್ಲಿ ಅವರ ತಂಡ ವಿದ್ಯಾರ್ಥಿಗಳ ಕೈಯನ್ನು ಕೊರೆಯುವ ನೀರಿನಲ್ಲಿ ಅದ್ದಿಸಿದ ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. ಒಂದು ಸಲ ಬೈಗುಳ ಹೇಳುತ್ತಾ, ಇನ್ನೊಂದು ಸಲ ಮೇಜನ್ನು ಬಣ್ಣಿಸುವ ಸಪ್ಪೆ ಪದ ಹೇಳುತ್ತಾ. ಬೈಯುವಾಗ ಸರಾಸರಿ 40 ಸೆಕೆಂಡಿನಷ್ಟು ಹೆಚ್ಚು ತಡೆದುಕೊಂಡರು. ಗೇಟಿಗೆ ಸಿಕ್ಕಿದ ನನ್ನ ಹೆಬ್ಬೆರಳು ಇದಕ್ಕೆ ಸಾಕ್ಷಿ. 2020ರಲ್ಲಿ ಅವರೇ ‘ಫೌಚ್’, ‘ಟ್ವಿಜ್‌ಪೈಪ್’ ಅಂತ ಎರಡು ಹೊಸ ಬೈಗುಳ ಹುಟ್ಟಿಸಿ ಪರೀಕ್ಷೆ ಮಾಡಿದರು. ನೋವಿಗೆ ಅವು ಏನೇನೂ ಕೆಲಸ ಮಾಡಲಿಲ್ಲ.

ಹಾಗಾದರೆ ಯಜಮಾನರು ಬೈದರೆ ಸರಿಯೇ ಅಂತ ಅವರಿಗೆ ಓದಿ ಹೇಳಬೇಡಿ. 2011ರಲ್ಲಿ ಬಂದ ಇನ್ನೊಂದು ಲೇಖನವಿದೆ. ದಿನಾ ಬೈಯುವ ಚಾಳಿ ಇರುವವರಿಗೆ ಈ ಉಪಕಾರ ಕಡಿಮೆಯಂತೆ. ಪ್ರತಿ ಸಿಗ್ನಲ್ಲಿನಲ್ಲೂ ಖರ್ಚು ಮಾಡಿದರೆ ನಿಜವಾಗಿ ಬೆರಳು ಜಜ್ಜಿಕೊಂಡ ದಿನ ಏನು ಉಳಿದಿರುತ್ತದೆ? ಅದೂ ಅಲ್ಲದೆ, ಮುಂದಿನ ಗಾಡಿಯವನು ಅಡ್ಡ ಬಂದದ್ದು ನೋವಲ್ಲ, ಬರೀ ಸಿಟ್ಟು. ಅದಕ್ಕೆ ಯಾವ ಪದವಾದರೂ ನಡೆಯುತ್ತದೆ, ಕೊನೆಯಲ್ಲಿ ಒತ್ತಿ ಹೇಳಲು ಒಂದು ಗಟ್ಟಿ ಅಕ್ಷರ ಇದ್ದರೆ ಸಾಕು.

ಪದ ಹುಡುಕುವ ಕೆಲಸ ಮೊಮ್ಮಗನಿಗೆ ಕೊಡಿ. ತಾತ ತಪ್ಪಿದಾಗ ಹಿಂದಿನ ಸೀಟಿನಿಂದ ಅವನೇ ನೆನಪಿಸುತ್ತಾನೆ, ಬಿಡುವುದಿಲ್ಲ. ಗೇಟಿನ ಘಟನೆ ಆದ ಮೇಲೆ ನಾನು ‘ಪೆನ್ಸಿಲ್ ಡಬ್ಬಿ!’ ಅನ್ನುವುದನ್ನು ರೂಢಿ ಮಾಡಿಕೊಂಡೆ. ಒಂದೇ ವಾರದಲ್ಲಿ ಇಡೀ ಬ್ಯಾಚು ಅದನ್ನೇ ಕಿರುಚುತ್ತಿತ್ತು. ನಿಮ್ಮವರು ಯಾವುದನ್ನು ಆರಿಸಿಕೊಂಡರು ಅಂತ ಬರೆಯಿರಿ. ಪೆನ್ಸಿಲ್ ಡಬ್ಬಿ ಮಾತ್ರ ಬೇಡ, ಅದು ನನ್ನದು.